ಬರುವಾಗಿನ ಕಂಬಿ

ಕಾಟಯ್ಯನಿಗೆ ಎರಡು ದಿನ ಬಿಡುವು ಸಿಕ್ಕಿತು. ಸಿಕ್ಕಿದ್ದೇ ಕಷ್ಟಕ್ಕೆ ಬಂತು ನೋಡಿ. ಬೇರೆಯವರಾಗಿದ್ದರೆ ಕುಣಿದಾಡಿಬಿಡುತ್ತಿದ್ದರು. ಈ ಮನುಷ್ಯ ಮಾತ್ರ ರಾಯದುರ್ಗದ ಸ್ಟೇಷನ್ನಿನ ಬೆಂಚಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಈ ಎರಡು ದಿನವನ್ನು ಎಲ್ಲಿ ಕಳೆಯಲಿ ಎಂದು ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಆ ಕಡೆ ರೈಲು ಹಳಿ ಬದಲಿಸುವ ಕೆಲಸಕ್ಕೆಂದು ಚಿಕ್ಕಜಾಜೂರಿನಿಂದ ಅವನನ್ನೂ ಇನ್ನೆಂಟು ಜನರನ್ನೂ ಕರೆಸಿಕೊಂಡಿದ್ದರು. ಹದಿನೆಂಟು ದಿನ ಡೇರೆಯಲ್ಲಿ ಮಲಗಿ ಎದ್ದು ಕೆಲಸ ಮುಗಿಸಿದ್ದಾಗಿತ್ತು. ಶನಿವಾರ ಮಧ್ಯಾಹ್ನ ಮೇಸ್ತ್ರಿ, "ಹೋಗ್ರಪ್ಪ, ಮಂಗಳವಾರ ಡ್ಯೂಟಿಗೆ ಬಂದ್ರೆ ಸಾಕು. ಹೆಂಡ್ರು ಮಕ್ಳ ಮುಖ ನೋಡ್ಕಂಡು ಬರ್ರಿ" ಎಂದು ಕಳಿಸಿಕೊಟ್ಟಿದ್ದ.

ಉಳಿದವರು ಮನೆಗೆ ಓಡುವ ಸಂಭ್ರಮದಲ್ಲಿದ್ದರು. ಕಾಟಯ್ಯನಿಗೆ ಮನೆಯೆಂದರೆ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸು. ಬೀಗ ತೆಗೆದರೆ ಒಳಗೆ ಯಾರಿದ್ದಾರೆ? ಹೆಂಡತಿ ನಾಗಕ್ಕ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಇರುವ ಒಬ್ಬಳೇ ಮಗಳು ನೇತ್ರಾವತಿ ಹಿರಿಯೂರಿನಲ್ಲಿ, ಗಂಡನ ಮನೆಯಲ್ಲಿ. ಹಾಗಾದರೆ ಹಿರಿಯೂರಿಗೇ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅವನೂ ತನ್ನನ್ನು ತಾನು ಅದನ್ನೇ ಕೇಳಿಕೊಳ್ಳುತ್ತಿದ್ದ. ಹೋಗಬೇಕೆಂಬ ಆಸೆ ಗಂಟಲ ತನಕ ಇತ್ತು. ಹೋಗುವುದಕ್ಕೆ ಮುಖ ಇರಲಿಲ್ಲ.

ಅದೇಕೆ ಎಂದು ತಿಳಿಯಬೇಕಾದರೆ ಮೊದಲು ಅವನ ಕೆಲಸ ಏನೆಂದು ತಿಳಿಯಬೇಕು. ಕಾಟಯ್ಯ ರೈಲ್ವೆಯಲ್ಲಿ ಕೀಮ್ಯಾನ್. ಅವನ ಅಪ್ಪ ಯಲ್ಲದಕೆರೆ ಸುತ್ತಮುತ್ತ ಕುರಿ ಮೇಯಿಸಿಕೊಂಡಿದ್ದವನು. ಮಗ ಕುರಿ ಬಿಟ್ಟು ರೈಲು ಕಂಬಿ ಹಿಡಿದ, ಆದರೆ ನಡೆಯುವುದು ಮಾತ್ರ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಬಾವುಟ, ಹಸಿರು ಬಾವುಟ. ಆರು ಕಿಲೋಮೀಟರು ಹೋಗಬೇಕು, ಆರು ಕಿಲೋಮೀಟರು ಬರಬೇಕು. ಹೋಗುವಾಗ ಒಂದು ಕಂಬಿಯನ್ನು ನೋಡಿಕೊಂಡು ಹೋಗುವುದು, ಬರುವಾಗ ಇನ್ನೊಂದನ್ನು ನೋಡಿಕೊಂಡು ಬರುವುದು. ಕಂಬಿಯನ್ನು ಹಿಡಿದಿಟ್ಟ ಕ್ಲಿಪ್ಪು ಸಡಿಲವಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸುವುದು, ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸುವುದು. ಇಪ್ಪತ್ತೊಂಬತ್ತು ವರ್ಷ ಹೀಗೆ ನೆಲ ನೋಡಿ ನೋಡಿ ಅವನ ಕತ್ತು ಬಗ್ಗಿಯೇ ಹೋಗಿತ್ತು. "ಮದುವಿ ಮನಿಗೆ ಕರ್ಕಂಡು ಹೋದ್ರೂ ಈವಯ್ಯ ಚಪ್ಪರ ನೋಡಲ್ಲ, ಚಾಪೆ ನೋಡ್ತಾನೆ" ಎಂದು ನಾಗಕ್ಕ ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಿದ್ದಳು.

ಆಡಿಕೊಂಡರೂ ದಿನಾ ಸಂಜೆ ಅವನು ಬಂದು ಕಾಲು ತೊಳೆದುಕೊಳ್ಳುವಾಗ ಚೊಂಬು ಹಿಡಿದು ನಿಂತು ಕೇಳುವವಳು ಅವಳೇ: "ಇವತ್ತು ಕಂಬಿ ಮ್ಯಾಗೆ ಏನ್ ಸಿಕ್ತು?" ಅವನು ಹೇಳುತ್ತಿದ್ದ. ಯಾರದೋ ಟಿಫನ್ ಡಬ್ಬಿಯ ಮುಚ್ಚಳ ಸಿಕ್ತು. ಹಾವಿನ ಪೊರೆ ಸಿಕ್ತು. ಮಗುವಿನ ಕಾಲುಚೈನು ಸಿಕ್ತು, ಸ್ಟೇಷನ್ ಮಾಸ್ತರಿಗೆ ಕೊಟ್ಟು ಬಂದೆ. ಏನೂ ಸಿಗದ ದಿನ, ಎಷ್ಟನೇ ಕಂಬದ ಹತ್ತಿರ ಎಷ್ಟು ಕ್ಲಿಪ್ಪು ಸಡಿಲವಾಗಿತ್ತು ಎಂದಾದರೂ ಹೇಳಬೇಕು, ಇಲ್ಲದಿದ್ದರೆ ಅವಳು ಕಾಫಿ ಕೊಡುತ್ತಿರಲಿಲ್ಲ. ನೇತ್ರಾ ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಮಾತೇ ಬಾರದ ಕಾಟಯ್ಯ ದಿನಕ್ಕೆ ಹತ್ತು ನಿಮಿಷ ಮಾತಾಡುತ್ತಿದ್ದದ್ದು ಅಲ್ಲೊಂದೇ ಕಡೆ.

ಕಳೆದ ವರ್ಷ, ಬಿಸಿಲು ಏರತೊಡಗಿದ್ದ ದಿನಗಳು. ಕಾಟಯ್ಯ ಹೋಗುವ ಕಂಬಿ ಮುಗಿಸಿ ತಿರುಗಿಕೊಂಡು, ಅರ್ಧ ದಾರಿಯಲ್ಲಿರುವ ರೈಲ್ವೆ ಗೇಟಿನ ಹತ್ತಿರ ಬಂದಿದ್ದ. ಪಕ್ಕದ ಮನೆಯ ಪುಟ್ಟಕ್ಕನ ಫೋನು ಬಂತು. "ಕಾಟಣ್ಣ, ನಾಗಕ್ಕ ಯಾಕೋ ಸುಸ್ತು ಅಂತ ಮಲಗವ್ಳೆ. ಮೈಯೆಲ್ಲ ಬೆವರೈತೆ. ನೀನ್ ಬಂದ್ಬಿಡ್ತೀಯಾ?" ಗೇಟು ದಾಟಿ ನಿಂತಿದ್ದ ಪಕ್ಕದ ಹೊಲದ ಗೋವಿಂದಯ್ಯ ಅದನ್ನು ಕೇಳಿಸಿಕೊಂಡು ಟಿವಿಎಸ್ ತಿರುಗಿಸಿಯೇಬಿಟ್ಟ. "ಹತ್ತು ಕಾಟಣ್ಣ. ಹತ್ತು ನಿಮಿಷದಾಗೆ ಬಿಟ್ಟು ಬತ್ತೀನಿ."

ಕಾಟಯ್ಯ ರಸ್ತೆ ನೋಡಿದ, ಕಂಬಿ ನೋಡಿದ. ಬರುವಾಗಿನ ಕಂಬಿ ಇನ್ನೂ ಮೂರು ಕಿಲೋಮೀಟರು ಬಾಕಿ ಇತ್ತು. ಬಿಸಿಲಿಗೆ ಕಂಬಿ ಹಿಗ್ಗುವ ಕಾಲ. ಸ್ವಲ್ಪ ಹೊತ್ತಿಗೆ ಜನ ತುಂಬಿದ ಗಾಡಿ ಬರುವುದಿತ್ತು. "ಸುಸ್ತು ಅಷ್ಟೇ ಅಲ್ವಾ? ಈ ಕಂಬಿ ಒಂದು ನೋಡ್ಕಂಡು ಬಂದ್ಬಿಡ್ತೀನಿ" ಎಂದ. ಎಂದವನು ಆವತ್ತೂ ಒಂದೊಂದೇ ಕ್ಲಿಪ್ಪು ನೋಡಿಕೊಂಡು, ಎಂದಿನಂತೆಯೇ ನಡೆದ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ನೆಲ ನೋಡುವವನಲ್ಲವೇ, ಕ್ವಾರ್ಟರ್ಸಿನ ಹತ್ತಿರ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲ ಮುಂದೆ ಬಿಟ್ಟಿದ್ದ ಚಪ್ಪಲಿಗಳು. ಎಂಟು ಹತ್ತು ಜೊತೆ. ಅಷ್ಟರಿಂದಲೇ ಅವನಿಗೆ ತಿಳಿದುಹೋಯಿತು.

ಮಣ್ಣಿಗೆ ಬಂದ ಗೋವಿಂದಯ್ಯ, ಪಾಪ, ಕೆಟ್ಟ ಮನಸ್ಸಿನಿಂದಲ್ಲ, "ನಾನು ಗಾಡಿ ಹತ್ತು ಅಂತ ಎಷ್ಟು ಹೇಳ್ದೆ" ಎಂದು ನೇತ್ರಾವತಿಯ ಎದುರು ಅತ್ತುಬಿಟ್ಟ. ಅವಳು ಅಪ್ಪನ ಕಡೆ ತಿರುಗಿ ಒಂದೇ ಮಾತು ಆಡಿದಳು. "ನಿನಗೆ ಅವ್ವಂಗಿಂತ ಆ ಕಂಬಿನೇ ಹೆಚ್ಚಾಯ್ತಲ್ಲಪ್ಪ."

ಬಾಯಿಬಿಟ್ಟು ಏನಾದರೂ ಹೇಳಬಾರದಿತ್ತೇ ಈ ಮಹರಾಯ? ತಪ್ಪಾಯ್ತು ಅನ್ನಬಹುದಿತ್ತು, ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ ಅನ್ನಬಹುದಿತ್ತು, ಕೊನೆಗೆ ಗಟ್ಟಿಯಾಗಿ ಅಳಬಹುದಿತ್ತು. ಏನೂ ಇಲ್ಲ. ನೆಲ ನೋಡಿಕೊಂಡು ನಿಂತಿದ್ದ. ಆಮೇಲೆ ತಿಥಿ ಮುಗಿಸಿಕೊಂಡು ಹೋದ ಮಗಳು ಈ ಕಡೆ ತಲೆ ಹಾಕಿರಲಿಲ್ಲ. ಭಾನುವಾರ ಸಂಜೆ ಏಳಕ್ಕೆ ಅವನು ಫೋನು ಮಾಡುತ್ತಿದ್ದ. "ಉಂಡ್ಯಾ?" "ಉಂಡೆ. ನೀನು?" "ಉಂಡೆ." "ಇಡ್ಲಾ?" "ಇಡು." ಇಷ್ಟೇ, ಒಂದು ನಿಮಿಷವೂ ಆಗುತ್ತಿರಲಿಲ್ಲ. ಅವಳೂ ಒಮ್ಮೆಯೂ ಫೋನು ಎತ್ತದೆ ಇದ್ದದ್ದಿಲ್ಲ. ಒಮ್ಮೆಯೂ "ಬಾರಪ್ಪ" ಅಂದದ್ದೂ ಇಲ್ಲ.

ಆ ಒಂದು ಮಾತು ಬೇಕಾಗಿತ್ತು ಕಾಟಯ್ಯನಿಗೆ. ತಾನಾಗಿ ಹೋಗಿ ಬಾಗಿಲಲ್ಲಿ ನಿಂತು, ಅವಳು ಮುಖ ತಿರುಗಿಸಿದರೆ? ಅದನ್ನು ತಡೆಯುವ ಶಕ್ತಿ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ರಾಯದುರ್ಗದ ಬೆಂಚಿನ ಮೇಲೆ ಕೂತು ಅವನು ಒಂದು ಲೆಕ್ಕಾಚಾರಕ್ಕೆ ಬಂದ. ಫೋನಿನಲ್ಲಿ ಹೇಳಲು ಏನೂ ಇಲ್ಲದ್ದರಿಂದ ತಾನೇ ಮಾತು ಅಷ್ಟಕ್ಕೇ ಮುಗಿಯುವುದು? ಹೇಳಲು ಏನಾದರೂ ಇದ್ದರೆ ಮಾತು ಬೆಳೆಯುತ್ತದೆ. ಮಾತು ಬೆಳೆದರೆ ಎಲ್ಲೋ ಒಂದು ಕಡೆ ಅವಳು ಬಾ ಅಂದರೂ ಅನ್ನಬಹುದು. ಚಿಕ್ಕಜಾಜೂರಿಗೆ ಹೋಗುವ ದಾರಿಯಲ್ಲೇ ಚಿತ್ರದುರ್ಗ ಇದೆ. ಹುಟ್ಟಿದಾಗಿನಿಂದ ಅದರ ಸುತ್ತಲೇ ಓಡಾಡಿದರೂ ಕೋಟೆಯ ಒಳಗೆ ಕಾಲಿಟ್ಟವನಲ್ಲ. "ಇಲ್ಲೇ ಐತಲ್ಲ, ಯಾವಾಗಾದ್ರೂ ಹೋಗಾಣ" ಎನ್ನುತ್ತ ನಾಗಕ್ಕನ ಆಯಸ್ಸೇ ಮುಗಿಸಿದ್ದ. ಭಾನುವಾರ ಕೋಟೆ ನೋಡುವುದು, ನೋಡಿದ್ದನ್ನು ಮಗಳಿಗೆ ಹೇಳುವುದು, ಅವಳು ಕರೆದರೆ ಹಿರಿಯೂರು, ಕರೆಯದಿದ್ದರೆ ಸೋಮವಾರ ಬೀಗ ತೆಗೆದು ಕ್ವಾರ್ಟರ್ಸು ಸೇರುವುದು.

ಶನಿವಾರ ಸಂಜೆ ಚಿತ್ರದುರ್ಗದಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದ. ಲಾಡ್ಜಿನವನು ರಿಜಿಸ್ಟರು ಮುಂದಿಟ್ಟು "ಎಷ್ಟು ಜನ?" ಎಂದ. ಬೆಳಿಗ್ಗೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಂದವನು "ಒಬ್ರೇನಾ ಯಜಮಾನ್ರೇ? ಹಂಗಾದ್ರೆ ಈ ಕಡೆ ಕುಂತ್ಕಳ್ರಿ, ಫ್ಯಾಮಿಲಿ ಬಂದವ್ರೆ" ಎಂದು ಎಬ್ಬಿಸಿ ಮೂಲೆಯ ಟೇಬಲ್ಲಿಗೆ ಕೂರಿಸಿದ. ಕೋಟೆ ಬಾಗಿಲಿನ ಕೌಂಟರಿನಲ್ಲೂ ಕಿಂಡಿಯೊಳಗಿನಿಂದ ಅದೇ ಪ್ರಶ್ನೆ, ಎಷ್ಟು ಟಿಕೀಟು? "ಒಂದೇ ಸ್ವಾಮಿ, ಒಂದೇ ಒಂದು" ಎಂದು ಕಾಟಯ್ಯ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟ. ಒಬ್ಬನೇ ಇರುವುದು ಅಷ್ಟು ಕಷ್ಟವಲ್ಲ ಕಣ್ರಿ, ಅದನ್ನು ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತ ತಿರುಗುವುದಿದೆಯಲ್ಲ, ಅದು ಕಷ್ಟ.

ಸಂಕ್ರಾಂತಿ ಕಳೆದ ವಾರ. ಎಳೆ ಬಿಸಿಲು, ಒಳ್ಳೆ ಗಾಳಿ, ಜನವೋ ಜನ. ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ ಬಂಡೆ, ಬುರುಜು, ಆಕಾಶ ನೋಡುತ್ತಿದ್ದರು. ನಮ್ಮ ಕಾಟಯ್ಯ ಏನು ನೋಡಿದ ಅಂತೀರಿ? ನೆಲ! ಮೊದಲ ಬಾಗಿಲ ಹೊಸ್ತಿಲಲ್ಲಿ ಹಳೇ ಕದದ ತಿರುಗುಗೂಟ ಕೂರುತ್ತಿದ್ದ ಗುಳಿ ಕಂಡಿತು. ಕೂತು ಬೆರಳು ಹಾಕಿ ನೋಡಿದ. ಒಳಗೆಲ್ಲ ನುಣ್ಣಗೆ ಸವೆದಿತ್ತು. ಮೆಟ್ಟಿಲುಗಳು ನಡುವೆ ತಗ್ಗಾಗಿದ್ದವು, ಎಡಗಡೆ ಸ್ವಲ್ಪ ಹೆಚ್ಚು. ಹೊತ್ತುಕೊಂಡು ಹತ್ತುವವರು ಈ ಕಡೆ ಹಿಡಿದು ಹತ್ತುತ್ತಿದ್ದಿರಬೇಕು ಎಂದುಕೊಂಡ. ಗೋಡೆಯ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲದ್ದನ್ನು ಕಂಡು ಬೆರಗಾಗಿ, ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದ. ಒಂದೂ ಸಡಿಲ ಇರಲಿಲ್ಲ. "ಶಹಬ್ಬಾಸ್" ಎಂದು ಗಟ್ಟಿಯಾಗಿ ಅಂದು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ.

ಮೇಲಿನ ದೇವಸ್ಥಾನದ ಹತ್ತಿರ ಸಿರಿಗೆರೆ ಕಾಲೇಜಿನ ಹುಡುಗಿಯರ ಗುಂಪೊಂದು ಸಿಕ್ಕಿತು. ಕಾವ್ಯಶ್ರೀ ಎಂಬವಳು ಮೊಬೈಲು ಅವನ ಕೈಗಿಟ್ಟು, "ಅಜ್ಜ, ನಮ್ದೊಂದು ಫೋಟೋ ತೆಗೀರಿ" ಎಂದಳು. ಕಾಟಯ್ಯ ಬಹಳ ನಿಗಾ ಇಟ್ಟು ತೆಗೆದ. ನೋಡಿದರೆ ಹುಡುಗಿಯರ ಹನ್ನೆರಡು ಪಾದ, ಆರು ಲಂಗ, ಮೆಟ್ಟಿಲಿನ ಒಂದೊಂದು ಗೀರೂ ಸ್ಪಷ್ಟವಾಗಿ ಬಂದಿದೆ, ಕುತ್ತಿಗೆಯಿಂದ ಮೇಲೆ ಒಬ್ಬಳೂ ಇಲ್ಲ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಎಷ್ಟೋ ದಿನವಾಗಿತ್ತು ನಕ್ಕು. ಕಾವ್ಯಶ್ರೀ ಕಣ್ಣೊರೆಸಿಕೊಂಡು, "ಒಬ್ರೇ ಬಂದೀರಾ ಅಜ್ಜ? ಅಜ್ಜಿನ ಕರ್ಕಂಡು ಬರೋದಲ್ವಾ?" ಎಂದಳು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದ ಮಾತು. ಕಾಟಯ್ಯ "ಹೂಂ, ಕರ್ಕಂಡು ಬರಬೇಕಿತ್ತು" ಎಂದಷ್ಟೇ ಹೇಳಿ ಮೊಬೈಲು ವಾಪಸು ಕೊಟ್ಟ. ಅವರು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಮೂರೂವರೆ ಸುಮಾರಿಗೆ ಕೆಳಗಿಳಿದು ಓಬವ್ವನ ಕಿಂಡಿಯ ಹತ್ತಿರ ಬಂದ. ಗೈಡೊಬ್ಬ ಹತ್ತಿಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಕತೆ ಹೇಳುತ್ತಿದ್ದ. ದುರ್ಗದ ಸೀಮೆಯಲ್ಲಿ ಆ ಕತೆ ಗೊತ್ತಿಲ್ಲದವರು ಯಾರಿದ್ದಾರೆ? ಕಾವಲುಗಾರ ಗಂಡ ಉಣ್ಣಲು ಮನೆಗೆ ಹೋಗುತ್ತಾನೆ, ನೀರು ತರಲು ಬಂದ ಹೆಂಡತಿ ಕಿಂಡಿಯಲ್ಲಿ ನುಸುಳುವ ವೈರಿಗಳನ್ನು ಕಾಣುತ್ತಾಳೆ, ಉಣ್ಣುವ ಗಂಡನನ್ನು ಎಬ್ಬಿಸುವುದು ಬೇಡವೆಂದು ತಾನೇ ಒನಕೆ ಹಿಡಿದು ನಿಲ್ಲುತ್ತಾಳೆ. ಕಾಟಯ್ಯ ಸ್ಕೂಲಿನಲ್ಲಿ ಕೇಳಿದ್ದ, ನಾಟಕದಲ್ಲಿ ನೋಡಿದ್ದ. ಆವಾಗೆಲ್ಲ ಅವನ ಕಣ್ಣು ಒನಕೆಯ ಮೇಲೇ ಇರುತ್ತಿತ್ತು. ಈಗ ಅವನಿಗೆ ಹೊಳೆದದ್ದು ತಟ್ಟೆಯ ಮುಂದೆ ಕೂತ ಆ ಗಂಡ. ಎದ್ದು ನಾಲ್ಕು ಹೆಜ್ಜೆ ಬಂದಿದ್ದರೆ ಸಾಕಿತ್ತು. ಬರಲಿಲ್ಲ, ಗೊತ್ತಿರಲಿಲ್ಲ. ಬರುವ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಜನ ಚಪ್ಪಾಳೆ ತಟ್ಟಿ ಚದುರಿದ ಮೇಲೆ ಕಾಟಯ್ಯ ಗೈಡಿನ ಹತ್ತಿರ ಹೋದ. "ಆಮ್ಯಾಕೆ ಆ ಗಂಡ ಏನಾದ ಸಾರ್?"

"ಕಹಳೆ ಊದಿ ಸೈನ್ಯ ಕರೆದ ಯಜಮಾನ್ರೇ."

"ಅದಲ್ಲ. ಅದೂ ಆದಮ್ಯಾಕೆ. ಮನಿಗೆ ಹೋಗಿ ಏನ್ ಮಾಡ್ದ? ತಟ್ಟೆ ಅಲ್ಲೇ ಇತ್ತಲ್ಲ."

ಗೈಡು ಅವನ ಮುಖ ನೋಡಿದ. "ಇಷ್ಟು ವರ್ಷದಾಗೆ ಇದನ್ನ ಯಾರೂ ಕೇಳಿಲ್ಲ ನೋಡ್ರಿ. ಕತೆಯಾಗೆ ಅದು ಇಲ್ಲ" ಎಂದು ಹೇಳಿ ಮುಂದಿನ ಗುಂಪಿನ ಕಡೆ ಹೋದ.

ಕಾಟಯ್ಯ ಒಂದು ಬಂಡೆಯ ನೆರಳಿಗೆ ಹೋಗಿ ಕೂತ. ಏಳು ಗಂಟೆಯ ತನಕ ಕಾಯುವುದು ಅವನಿಂದಾಗಲಿಲ್ಲ. ಮಗಳಿಗೆ ಫೋನು ಹಚ್ಚಿದ. ಅವಳು ಗಾಬರಿಯಾಗಿ ಎತ್ತಿದಳು.

"ಏನಪ್ಪಾ ಈ ಹೊತ್ತಿನಾಗೆ? ಹುಷಾರಿದೀಯಾ?"

"ಇದೀನಿ. ದುರ್ಗದಾಗಿದೀನಿ, ನೇತ್ರಾ. ಎರಡು ದಿನ ಬಿಡುವಿತ್ತು. ಕೋಟೆ ನೋಡಾಕ್ ಬಂದೆ."

"ಯಾರ್ ಜತಿಗೆ?"

"ಯಾರಿಲ್ಲ. ಒಬ್ನೆ."

ಇನ್ನು 'ಇಡ್ಲಾ' ಎನ್ನಬೇಕಾದ ಹೊತ್ತು ಅದು. ಅಷ್ಟರಲ್ಲಿ ಅವಳೇ, "ಏನ್ ನೋಡ್ದೆ?" ಎಂದಳು. ಕಾಟಯ್ಯ ಹೇಳತೊಡಗಿದ. ಹೊಸ್ತಿಲ ಗುಳಿ ಹೇಳಿದ, ಎಡಗಡೆ ಸವೆದ ಮೆಟ್ಟಿಲು ಹೇಳಿದ, ಗಾರೆಯಿಲ್ಲದೆ ಕೂತ ಕಲ್ಲು ಹೇಳಿದ, ತಲೆಯಿಲ್ಲದ ಹುಡುಗಿಯರ ಫೋಟೋ ಹೇಳಿದ. ನೇತ್ರಾವತಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಕೋಟೆ ನೋಡಾಕ್ ಹೋಗಿ ನೆಲ ನೋಡ್ಕಂಡು ಬಂದ್ಯಲ್ಲಪ್ಪ!" ಎಂದಳು. ಥೇಟ್ ನಾಗಕ್ಕನ ದನಿ. ಆ ಧೈರ್ಯದಲ್ಲೇ ಕಾಟಯ್ಯ ಉಳಿದದ್ದನ್ನೂ ಹೇಳಿಬಿಟ್ಟ.

"ಕಿಂಡಿ ತಾವ ಕತೆ ಹೇಳಿದ್ರು. ಆ ಕಾವಲುಗಾರ ಉಣ್ತಾ ಕುಂತಿದ್ನಂತೆ, ಎದ್ದು ಬರೋ ಹೊತ್ತಿಗೆ ಹೆಂಡ್ತಿ ಇಲ್ಲ. ಆಮ್ಯಾಕೆ ಅವನೇನಾದ ಅಂತ ಕೇಳ್ದೆ. ಅದ್ಯಾರಿಗೂ ಗೊತ್ತಿಲ್ಲಂತೆ."

ನಗು ನಿಂತಿತು. ಲೈನು ಕಟ್ಟಾಯಿತೇನೋ ಎಂದು ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದ. ಒಂಬತ್ತು ನಿಮಿಷ ದಾಟಿ ಸೆಕೆಂಡುಗಳು ಓಡುತ್ತಲೇ ಇದ್ದವು. ಮತ್ತೆ ಕಿವಿಗಿಟ್ಟುಕೊಂಡಾಗ ಮಗಳು ಸಣ್ಣ ದನಿಯಲ್ಲಿ ಕೇಳಿದಳು.

"ಅಪ್ಪಾ. ಆವತ್ತು ಆ ಕಂಬಿ ಮ್ಯಾಗೆ ಏನ್ ಸಿಕ್ತು?"

ಹನ್ನೊಂದು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳುವವಳು ಆ ಸಂಜೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಾಟಯ್ಯನ ನಾಲಿಗೆಯ ತುದಿಗೆ ಒಂದು ಸುಳ್ಳು ಬಂದು ನಿಂತಿತು. ದೊಡ್ಡ ಬಿರುಕು ಸಿಕ್ತು ತಾಯಿ, ಬಾವುಟ ಹಿಡಿದು ಗಾಡಿ ನಿಲ್ಲಿಸಿದೆ, ಐನೂರು ಜನ ಉಳಿದರು. ಹೇಳಿಬಿಟ್ಟರೆ ಅವಳಿಗೂ ಸಮಾಧಾನ, ತನಗೂ ಬಿಡುಗಡೆ. ಪರೀಕ್ಷಿಸಿ ನೋಡುವವರು ಯಾರು? ಆದರೆ ಇಪ್ಪತ್ತೊಂಬತ್ತು ವರ್ಷ ದಿನಾ ಸಂಜೆ ಈ ಒಂದು ಪ್ರಶ್ನೆಗೆ ಅವನು ಸುಳ್ಳು ಹೇಳಿದವನಲ್ಲ.

"ಏನೂ ಸಿಗ್ಲಿಲ್ಲ ಕಣವ್ವ" ಎಂದ. "ಮೂರು ಕಿಲೋಮೀಟರ್‌ನಾಗೆ ಒಂದು ಕ್ಲಿಪ್ಪೂ ಸಡಿಲ ಇರ್ಲಿಲ್ಲ. ಎಲ್ಲಾ ಬಿಗಿಯಾಗಿದ್ವು. ಸುಮ್ನೆ ನಡ್ಕಂಡು ಬಂದೆ. ಸುಮ್ನೆ..." ಮುಂದೆ ಹೇಳಲಾಗಲಿಲ್ಲ. ಮಣ್ಣು ಮಾಡಿದ ದಿನ ಬಾರದ ಅಳು ಈಗ, ಅಷ್ಟು ಜನ ಓಡಾಡುವ ಜಾಗದಲ್ಲಿ, ಒತ್ತರಿಸಿಕೊಂಡು ಬಂತು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಆ ಕಡೆ ಮಗಳೂ ಅಳುತ್ತಿದ್ದಳು. ಹೋಗುವವರು ಬರುವವರು ಒಂದು ಕ್ಷಣ ನೋಡಿ, ತಮ್ಮ ಪಾಡಿಗೆ ತಾವು ದಾಟಿಹೋದರು.

ಅಳು ತಗ್ಗಿದ ಮೇಲೆ ಅಭ್ಯಾಸದಂತೆ, "ಇಡ್ಲಾ?" ಎಂದ.

"ಬ್ಯಾಡ, ಇರು." ನೇತ್ರಾವತಿ ಮೂಗೊರೆಸಿಕೊಂಡದ್ದು ಕೇಳಿಸಿತು. "ಹಿರಿಯೂರಿಗೆ ಬಸ್ಸು ಬಿಡುವಿಲ್ದಂಗೆ ಅವೆ. ಒಂದು ಗಂಟೆ ದಾರಿ. ಹತ್ಕಂಡು ಬಾ."

"ನಾಳೆ ಬೆಳಿಗ್ಗೆ ಬರ್ಲಾ? ಇಲ್ಲಿ ಮ್ಯಾಲೆ ಇನ್ನೂ ನೋಡೋದು..."

"ಈಗ್ಲೇ ಬಾರಪ್ಪ" ಎಂದಳು ಮಗಳು. "ಏನೂ ನೋಡ್ಕಂತ ನಿಲ್ಬ್ಯಾಡ. ಸೀದಾ ಬಾ."

ಕಾಟಯ್ಯ ಎದ್ದ. ಮಂಡಿ ಹಿಡಿದುಕೊಂಡಿತ್ತು, ಲೆಕ್ಕಿಸಲಿಲ್ಲ. ಹೊಂಡಗಳನ್ನು ಅವನು ನೋಡಿರಲಿಲ್ಲ, ಮೇಲಿನ ಬುರುಜು ಹತ್ತಿರಲಿಲ್ಲ, ಕೋಟೆಯ ಅರ್ಧಕ್ಕರ್ಧ ಬಾಕಿ ಇತ್ತು. ಜೀವಮಾನದಲ್ಲಿ ಮೊದಲ ಸಲ ಅವನು ಹಿಡಿದ ದಾರಿಯನ್ನು ಪೂರ್ತಿ ನೋಡದೆ ಅರ್ಧಕ್ಕೇ ಬಿಟ್ಟು ಹೊರಟಿದ್ದ. ಇದನ್ನೇ ಆವತ್ತು ಗೇಟಿನ ಹತ್ತಿರ ಮಾಡಬಾರದಿತ್ತೇ ಎಂಬ ಮಾತು ಅವನ ಜೊತೆಗೇ ಮೆಟ್ಟಿಲಿಳಿಯುತ್ತಿತ್ತು. ಅದು ಇನ್ನು ಸಾಯುವ ತನಕ ಅವನ ಜೊತೆಗೇ ಇರುವಂಥದ್ದು. ಹೊರಬಾಗಿಲಲ್ಲಿ ಒಂದು ಆಟೋ ನಿಂತಿತ್ತು. ಡ್ರೈವರು ತಲೆ ಹೊರಗೆ ಹಾಕಿ, "ಎಷ್ಟು ಜನ ಯಜಮಾನ್ರೇ?" ಎಂದ.

"ಒಬ್ನೆ" ಎಂದ ಕಾಟಯ್ಯ. "ಲಗೂನ ನಡಿ ಮಾರಾಯ, ಮಗ್ಳು ಕಾಯ್ತಾ ಅವ್ಳೆ."